ಹೈಬ್ರಿಡ್‌ ಪಿಕಪ್‌ನಲ್ಲಿ ಪೆಟ್ರೋಲ್‌ ಉಳಿಯುವುದು ಎಲ್ಲಿ?

ಅಮೆರಿಕದಲ್ಲಿ ಪಿಕಪ್‌ ಟ್ರಕ್‌ ಸರಕು ಸಾಗಿಸುವ ಗಾಡಿಯೂ ಹೌದು, ಮಕ್ಕಳನ್ನು ಶಾಲೆಗೆ ಬಿಡುವ ಮನೆಯ ಕಾರೂ ಹೌದು. ಫೋರ್ಡ್‌ ಕಂಪನಿಯ ಎಫ್‌ ಸರಣಿ 1977ರಿಂದ ಇಂದಿನವರೆಗೆ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್‌ ಎಂಬ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. 2022ರ ಜೂನ್‌ನಲ್ಲಿ ಪೆಟ್ರೋಲ್‌ ಬೆಲೆಯ ರಾಷ್ಟ್ರೀಯ ಸರಾಸರಿ ಗ್ಯಾಲನ್‌ಗೆ (ಸುಮಾರು 3.8 ಲೀಟರ್‌) 5 ಡಾಲರ್‌ ದಾಟಿದಾಗ ಈ ಗಾಡಿಗಳ ಟ್ಯಾಂಕ್‌ ತುಂಬಿಸುವುದು ಮಧ್ಯಮ ವರ್ಗಕ್ಕೆ ಭಾರವಾಯಿತು. ವಿದ್ಯುತ್‌ ವಾಹನಗಳ ಖರೀದಿಗೆ ಒಕ್ಕೂಟ ಸರ್ಕಾರ ಕೊಡುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್‌ 30ಕ್ಕೆ ಕೊನೆಗೊಂಡಿತು. ಹೀಗಾಗಿ ಇಂಧನವನ್ನೂ ಉಳಿಸಬೇಕು, ಪೂರ್ಣ ವಿದ್ಯುತ್‌ ವಾಹನದ ಬೆಲೆಯನ್ನೂ ತೆರಲಾಗದು ಎನ್ನುವವರಿಗೆ ಉಳಿದಿರುವ ದಾರಿಗಳಲ್ಲಿ, ಪೆಟ್ರೋಲ್‌ ಎಂಜಿನ್‌ ಜೊತೆಗೆ ವಿದ್ಯುತ್‌ ಮೋಟರ್‌ ಕೂಡ ಇರುವ ಹೈಬ್ರಿಡ್‌ ಪಿಕಪ್‌ ಮುಖ್ಯವಾದದ್ದು. ಆದರೆ ಗಾಡಿ ಕೊಂಡ ಮಾತ್ರಕ್ಕೆ ಲೇಬಲ್‌ನಲ್ಲಿ ಅಚ್ಚಾದ ಮೈಲೇಜ್‌ ಕೈಗೆ ಬರುವುದಿಲ್ಲ. ಒಂದೇ ಮಾದರಿಯ ಎರಡು ಗಾಡಿಗಳು ಒಂದೇ ಊರಿನಲ್ಲಿ ಓಡಿದರೂ ಅವುಗಳ ಮೈಲೇಜ್‌ನಲ್ಲಿ ಗಣನೀಯ ಅಂತರ ಇರಬಹುದು. ಆ ಅಂತರ ಎಲ್ಲಿಂದ ಬರುತ್ತದೆ, ಚಾಲಕನ ಕೈಯಲ್ಲಿ ಅದರ ಎಷ್ಟು ಪಾಲಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಉದಾಹರಣೆಗೆ ಫೋರ್ಡ್‌ ಮೇವರಿಕ್‌ ಹೈಬ್ರಿಡನ್ನು ತೆಗೆದುಕೊಳ್ಳೋಣ. 2021ರ ಜೂನ್‌ನಲ್ಲಿ ಅನಾವರಣಗೊಂಡ ಈ ಚಿಕ್ಕ ಪಿಕಪ್‌ ಮೆಕ್ಸಿಕೊದ ಎರ್ಮೊಸಿಯೊ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆರಂಭದಲ್ಲಿ ಇದರ ಮೂಲ ಬೆಲೆ 19,995 ಡಾಲರ್‌ ಇತ್ತು ಮತ್ತು ಆ ಬೆಲೆಗೇ ಹೈಬ್ರಿಡ್‌ ಯಂತ್ರ ಸಿಗುತ್ತಿತ್ತು. ಬೆಲೆ ಅಲ್ಲಿಂದಾಚೆಗೆ ಸಾಕಷ್ಟು ಏರಿದೆ. ಇದರಲ್ಲಿ 2.5 ಲೀಟರ್‌ನ ನಾಲ್ಕು ಸಿಲಿಂಡರ್‌ ಪೆಟ್ರೋಲ್‌ ಎಂಜಿನ್‌, ಒಂದು ವಿದ್ಯುತ್‌ ಮೋಟರ್‌, 1.1 ಯೂನಿಟ್‌ ವಿದ್ಯುತ್‌ ಹಿಡಿಯುವ ಲಿಥಿಯಂ ಬ್ಯಾಟರಿ ಇವೆ. ಎರಡೂ ಸೇರಿದರೆ 191 ಅಶ್ವಶಕ್ತಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೇಬಲ್‌ ಪ್ರಕಾರ 2022ರ ಮಾದರಿ ನಗರದಲ್ಲಿ ಗ್ಯಾಲನ್‌ಗೆ 42 ಮೈಲಿ, ಹೆದ್ದಾರಿಯಲ್ಲಿ 33 ಮೈಲಿ, ಒಟ್ಟಾರೆ 37 ಮೈಲಿ ಕೊಡುತ್ತದೆ. ನಮ್ಮ ಲೆಕ್ಕಕ್ಕೆ ಇಳಿಸಿದರೆ ಲೀಟರ್‌ಗೆ ಕ್ರಮವಾಗಿ ಸುಮಾರು 17.9, 14 ಮತ್ತು 15.7 ಕಿಲೋಮೀಟರ್‌. ಇದೇ ಗಾಡಿಯ 2 ಲೀಟರ್‌ ಟರ್ಬೊ ಪೆಟ್ರೋಲ್‌ ಮಾದರಿ, ಮುಂಚಕ್ರ ಚಾಲನೆಯಲ್ಲಿ, ಒಟ್ಟಾರೆ ಲೀಟರ್‌ಗೆ 11 ಕಿಲೋಮೀಟರ್‌ ಆಸುಪಾಸಿನಲ್ಲಿದೆ.

ಈ ಅಂಕಿಗಳಲ್ಲಿ ಒಂದು ವಿಶೇಷವಿದೆ. ಸಾಮಾನ್ಯ ಪೆಟ್ರೋಲ್‌ ಗಾಡಿ ಹೆದ್ದಾರಿಯಲ್ಲಿ ಹೆಚ್ಚು, ನಗರದಲ್ಲಿ ಕಡಿಮೆ ಮೈಲೇಜ್‌ ಕೊಡುತ್ತದೆ. ಹೈಬ್ರಿಡ್‌ನಲ್ಲಿ ಅದು ತಿರುಗುಮುರುಗಾಗಿದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್‌ ಆರಿಹೋಗುತ್ತದೆ, ನಿಧಾನಗತಿಯಲ್ಲಿ ಮೋಟರ್‌ ಗಾಡಿಯನ್ನು ಎಳೆಯುತ್ತದೆ, ಬ್ರೇಕ್‌ ಹಾಕಿದಾಗ ಚಕ್ರಗಳೇ ಮೋಟರನ್ನು ತಿರುಗಿಸಿ ಬ್ಯಾಟರಿಗೆ ವಿದ್ಯುತ್‌ ಮರಳಿಸುತ್ತವೆ. ಹೆದ್ದಾರಿಯಲ್ಲಿ ಈ ಮೂರಕ್ಕೂ ಅವಕಾಶ ಕಡಿಮೆ. ಆದ್ದರಿಂದ ಪೆಟ್ರೋಲ್‌ ಗಾಡಿಯಲ್ಲಿ ಕಲಿತ ಅಭ್ಯಾಸಗಳನ್ನು ಹಾಗೆಯೇ ಇಲ್ಲಿಗೆ ತಂದರೆ ಕೆಲವು ಫಲ ಕೊಡುತ್ತವೆ, ಕೆಲವು ನಷ್ಟ ತರುತ್ತವೆ.

ಬ್ಯಾಟರಿಯಲ್ಲಿರುವುದೂ ಪೆಟ್ರೋಲೇ

ಹೈಬ್ರಿಡ್‌ ಓಡಿಸುವವರಲ್ಲಿ ಅತಿ ವ್ಯಾಪಕವಾಗಿರುವ ತಪ್ಪು ತಿಳಿವಳಿಕೆಯೆಂದರೆ, ಎಂಜಿನ್‌ ಆರಿರುವಷ್ಟು ಹೊತ್ತು ಗಾಡಿ ಪುಕ್ಕಟೆಯಾಗಿ ಓಡುತ್ತಿದೆ ಎಂಬುದು. ಡ್ಯಾಶ್‌ಬೋರ್ಡ್‌ ಮೇಲೆ ವಿದ್ಯುತ್‌ ಚಾಲನೆಯ ಸೂಚನೆ ಬೆಳಗುತ್ತಿರಲಿ ಎಂದು ಚಾಲಕ ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಒತ್ತುತ್ತಾ, ಹಿಂದಿನ ಗಾಡಿಗಳ ಹಾರ್ನ್‌ ಕೇಳುತ್ತಾ, ತೆವಳುತ್ತಾ ಸಾಗುತ್ತಾನೆ. ಆದರೆ ಮೇವರಿಕ್‌ನಂಥ ಗಾಡಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್‌ ಮಾಡಲು ಬರುವುದಿಲ್ಲ. ಬ್ಯಾಟರಿಯಲ್ಲಿರುವ ಪ್ರತಿಯೊಂದು ಕಣ ವಿದ್ಯುತ್ತೂ ಪೆಟ್ರೋಲ್‌ನಿಂದಲೇ ಬಂದದ್ದು: ಒಂದೋ ಎಂಜಿನ್‌ ನೇರವಾಗಿ ಜನರೇಟರ್‌ ತಿರುಗಿಸಿ ತುಂಬಿದ್ದು, ಇಲ್ಲವೇ ಪೆಟ್ರೋಲ್‌ ಸುಟ್ಟು ಗಳಿಸಿದ ವೇಗವನ್ನು ಬ್ರೇಕ್‌ ಹಾಕುವಾಗ ವಾಪಸು ಪಡೆದದ್ದು.

ಆ ಬ್ಯಾಟರಿಯ ನಿಜವಾದ ಗಾತ್ರವನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಒಂದು ಲೀಟರ್‌ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ಅತ್ಯುತ್ತಮ ಸ್ಥಿತಿಯಲ್ಲಿ ಓಡುವ ಹೈಬ್ರಿಡ್‌ ಎಂಜಿನ್‌ ಅದರಲ್ಲಿ ಶೇ 40ರಷ್ಟನ್ನು ಕೆಲಸವಾಗಿ ಪರಿವರ್ತಿಸುತ್ತದೆ ಎಂದು ಹಿಡಿದರೆ ಲೀಟರ್‌ಗೆ ಮೂರೂವರೆ ಯೂನಿಟ್‌ ಸಿಗುತ್ತದೆ. ಅಂದರೆ 1.1 ಯೂನಿಟ್‌ನ ಬ್ಯಾಟರಿ ಪೂರ್ತಿ ತುಂಬಿದ್ದರೂ ಅದರ ಬೆಲೆ ಮೂರನೇ ಒಂದು ಲೀಟರ್‌ ಪೆಟ್ರೋಲ್‌ ಕೂಡ ಅಲ್ಲ. ಬ್ಯಾಟರಿಯ ಬಾಳಿಕೆಯ ದೃಷ್ಟಿಯಿಂದ ಗಾಡಿಯ ಕಂಪ್ಯೂಟರ್‌ ಅದನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಹಾಗಾಗಿ ನಿಜವಾದ ಬಳಕೆಗೆ ಸಿಗುವುದು ಇನ್ನೂ ಕಡಿಮೆ. ಇಷ್ಟು ಚಿಕ್ಕ ಬ್ಯಾಟರಿ ಇರುವುದು ಗಾಡಿಯನ್ನು ದೂರಕ್ಕೆ ಒಯ್ಯಲು ಅಲ್ಲ. ಎಂಜಿನ್‌ ಅದಕ್ಷವಾಗಿ ಓಡುವ ಕ್ಷಣಗಳನ್ನು ತಪ್ಪಿಸಲು, ಬ್ರೇಕ್‌ನಲ್ಲಿ ಹಾಳಾಗುವ ಶಕ್ತಿಯನ್ನು ಸ್ವಲ್ಪ ಹೊತ್ತು ಹಿಡಿದಿಡಲು ಅದು ಇದೆ.

ಈ ನೆಲೆಯಲ್ಲಿ ನೋಡಿದರೆ ತೆವಳುವ ಚಾಲನೆಯ ದೋಷ ಗೊತ್ತಾಗುತ್ತದೆ. ಎಂಜಿನ್‌ನಿಂದ ಜನರೇಟರ್‌ಗೆ, ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೋಟರ್‌ಗೆ, ಮೋಟರ್‌ನಿಂದ ಚಕ್ರಕ್ಕೆ ಎಂದು ಶಕ್ತಿ ಸುತ್ತಿ ಬರುವಾಗ ಪ್ರತಿ ಹಂತದಲ್ಲೂ ಸ್ವಲ್ಪ ಸೋರುತ್ತದೆ. ಒಟ್ಟು ಸೋರಿಕೆ ಕಾಲು ಭಾಗದ ಆಸುಪಾಸು ಇರುತ್ತದೆ ಎಂದು ಅಂದಾಜಿಸಬಹುದು. ಎಂಜಿನ್‌ ನೇರವಾಗಿ ಚಕ್ರವನ್ನು ತಿರುಗಿಸಿದರೆ ಈ ಸೋರಿಕೆಯ ಬಹುಪಾಲು ಇಲ್ಲ. ಆದ್ದರಿಂದ ನಿಂತ ಜಾಗದಿಂದ ಗಾಡಿ ಎತ್ತುವಾಗ ಬ್ಯಾಟರಿಯ ಬಲದಲ್ಲಿ ಹಿತವಾಗಿ ಹೊರಟು, ಕೂಡಲೇ ಎಂಜಿನ್‌ ಹೊತ್ತಿಕೊಳ್ಳುವಷ್ಟು ಆಕ್ಸಿಲರೇಟರ್‌ ಕೊಟ್ಟು, ಹದವಾದ ಚುರುಕಿನಲ್ಲಿ ಬೇಕಾದ ವೇಗ ಮುಟ್ಟಿ, ಅನಂತರ ಪಾದವನ್ನು ಸಡಿಲಿಸಿ ಎಂಜಿನ್‌ ಆರಲು ಬಿಡುವುದು ಉತ್ತಮ. ಹೈಬ್ರಿಡ್‌ಗೆಂದು ಹೊಂದಿಸಿದ ಆಟ್ಕಿನ್ಸನ್‌ ಮಾದರಿಯ ಎಂಜಿನ್‌ಗೆ ಹದವಾದ ಹೊರೆಯೇ ಹಿತ. ಹೊರೆಯಿಲ್ಲದೆ ಗುರುಗುಟ್ಟುತ್ತಾ ಓಡುವುದೂ ಅದಕ್ಕೆ ನಷ್ಟ, ಪಾದ ಪೂರ್ತಿ ಅದುಮಿದಾಗ ಅರಚುವುದೂ ನಷ್ಟ. ಸಮತಟ್ಟಾದ ರಸ್ತೆಯಲ್ಲಿ ವೇಗ ಮುಟ್ಟಿದ ಮೇಲೆ ಅದನ್ನು ಕಾಯ್ದುಕೊಳ್ಳಲು ಬೇಕಾಗುವ ಶಕ್ತಿ ಅಲ್ಪ. ಬ್ಯಾಟರಿ ನಿಜವಾಗಿ ಕೆಲಸಕ್ಕೆ ಬರುವುದು ಆಗ.

ಇದೇ ತತ್ವವನ್ನು ಇನ್ನಷ್ಟು ಮುಂದಕ್ಕೆ ಒಯ್ದರೆ ಏರಿಸು, ತೇಲಿಸು ಎಂಬ ವಿಧಾನ ಸಿಗುತ್ತದೆ. ಉದಾಹರಣೆಗೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್‌ ವೇಗಕ್ಕೆ ಎಂಜಿನ್‌ನಿಂದ ಏರಿಸಿ, 50ಕ್ಕೆ ಇಳಿಯುವವರೆಗೆ ಎಂಜಿನ್‌ ಆರಿಸಿ ತೇಲಿಸಿ, ಮತ್ತೆ ಏರಿಸುವುದು. ತೇಲುವಾಗ ಪಾದವನ್ನು ಪೂರ್ತಿ ಎತ್ತಿದರೆ ಬ್ಯಾಟರಿಗೆ ವಿದ್ಯುತ್‌ ಮರಳಿಸುವ ರೀಜನರೇಟಿವ್‌ ಬ್ರೇಕ್‌ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ; ಆಕ್ಸಿಲರೇಟರ್‌ ಮೇಲೆ ಕೂದಲೆಳೆಯಷ್ಟು ಒತ್ತಡ ಉಳಿಸಿಕೊಂಡರೆ ಬ್ಯಾಟರಿಗೆ ಏನೂ ಹೋಗದ, ಬ್ಯಾಟರಿಯಿಂದ ಏನೂ ಬಾರದ ಸ್ಥಿತಿ ಸಿಗುತ್ತದೆ. ಶಕ್ತಿಯ ಹರಿವನ್ನು ತೋರಿಸುವ ಪರದೆಯಲ್ಲಿ ಬಾಣದ ಗುರುತುಗಳು ಮಾಯವಾಗುವುದೇ ಇದರ ಲಕ್ಷಣ. ಆದರೆ ಈ ವಿಧಾನ ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಗೆ ಮಾತ್ರ ಸಲ್ಲುವಂಥದ್ದು. ದಟ್ಟಣೆಯಲ್ಲಿ ಪದೇಪದೇ ವೇಗ ಬದಲಿಸುವುದು ಹಿಂದಿನವರಿಗೆ ಕಿರುಕುಳ ಮತ್ತು ಅಪಾಯ; ಅಷ್ಟಕ್ಕಾಗಿ ಸಿಗುವ ಉಳಿತಾಯವೂ ದೊಡ್ಡದಲ್ಲ.

ಒಂದು ಸಿಗ್ನಲ್‌ನ ಲೆಕ್ಕ

ನಗರದ ಉಳಿತಾಯ ಎಲ್ಲಿ ಅಡಗಿದೆ ಎಂಬುದನ್ನು ಒಂದೇ ಒಂದು ಕೆಂಪು ಸಿಗ್ನಲ್‌ನ ಮುಂದೆ ನಿಂತು ಲೆಕ್ಕ ಹಾಕಬಹುದು. ಚಾಲಕನೂ ಸೇರಿ ಮೇವರಿಕ್‌ ಹೈಬ್ರಿಡ್‌ನ ತೂಕ ಸುಮಾರು 1,750 ಕಿಲೊ. ಅದು ಗಂಟೆಗೆ 72 ಕಿಲೋಮೀಟರ್‌ ವೇಗದಲ್ಲಿ ಬರುತ್ತಿರುವಾಗ ಅದರ ಚಲನೆಯಲ್ಲಿ ಅಡಗಿರುವ ಶಕ್ತಿ ಒಂದು ಯೂನಿಟ್‌ನ ಹತ್ತನೇ ಒಂದು ಭಾಗಕ್ಕೆ ತುಸು ಕಡಿಮೆ. ಆ ಶಕ್ತಿಯನ್ನು ಗಳಿಸಲು ಎಂಜಿನ್‌ ಏನಿಲ್ಲವೆಂದರೂ 30 ಮಿಲಿಲೀಟರ್‌ನಷ್ಟು ಪೆಟ್ರೋಲ್‌ ಸುಟ್ಟಿರುತ್ತದೆ. ಲೀಟರ್‌ಗೆ 15.7 ಕಿಲೋಮೀಟರ್‌ ಲೆಕ್ಕದಲ್ಲಿ ಅಷ್ಟು ಪೆಟ್ರೋಲ್‌ನಲ್ಲಿ ಗಾಡಿ ಹೆಚ್ಚೂಕಡಿಮೆ ಅರ್ಧ ಕಿಲೋಮೀಟರ್‌ ಸಾಗಬಹುದಿತ್ತು.

ಈಗ ಆ ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಲು ಮೂರು ಬಗೆಗಳಿವೆ. ಕೊನೆಯವರೆಗೂ ವೇಗವಾಗಿ ಬಂದು ಬ್ರೇಕ್‌ ಜೋರಾಗಿ ತುಳಿದರೆ ಮೋಟರ್‌ ಹೀರಿಕೊಳ್ಳಬಲ್ಲ ಮಿತಿಯನ್ನು ಮೀರಿದ್ದೆಲ್ಲ ಬ್ರೇಕ್‌ ಪ್ಯಾಡ್‌ಗಳಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ. ಸ್ವಲ್ಪ ಮುಂಚೆಯೇ ಬ್ರೇಕ್‌ ಮೇಲೆ ಹಗುರವಾಗಿ ಪಾದವಿಟ್ಟು, ಒತ್ತಡವನ್ನು ಒಂದೇ ಹದದಲ್ಲಿ ಕಾಯ್ದುಕೊಂಡು ನಿಧಾನವಾಗಿ ನಿಂತರೆ ಶಕ್ತಿಯ ಬಹುಪಾಲು ಮೋಟರ್‌ ಮೂಲಕ ಬ್ಯಾಟರಿಗೆ ಸೇರುತ್ತದೆ. ಮೂರನೆಯದು, ದೂರದಿಂದಲೇ ಕೆಂಪು ದೀಪ ಕಂಡು ಪಾದ ಸಡಿಲಿಸಿ, ಗಾಡಿ ತನ್ನ ಓಟದಲ್ಲೇ ತೇಲಿ ಬರುವಷ್ಟರಲ್ಲಿ ದೀಪ ಹಸಿರಾಗಿ, ನಿಲ್ಲುವ ಪ್ರಮೇಯವೇ ಬಾರದಂತೆ ದಾಟಿಹೋಗುವುದು.

ಮೇವರಿಕ್‌ನಲ್ಲಿ ಬ್ರೇಕ್‌ ಕೋಚ್‌ ಎಂಬ ವ್ಯವಸ್ಥೆಯಿದೆ. ಗಾಡಿ ನಿಂತ ತಕ್ಷಣ ಪರದೆಯ ಮೇಲೆ ಶೇಕಡಾವಾರು ಅಂಕ ಮೂಡುತ್ತದೆ. ನಿಲ್ಲುವಾಗಿನ ಶಕ್ತಿಯಲ್ಲಿ ಎಷ್ಟನ್ನು ಮೋಟರ್‌ ಹಿಡಿಯಿತು ಎಂಬುದನ್ನು ಅದು ಹೇಳುತ್ತದೆ. ಬ್ರೇಕ್‌ ಪೆಡಲ್‌ ಮೇಲಿನ ಹದ ಕಲಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಅಂಕ 100 ಬಂದಿತೆಂದರೆ ಖರ್ಚಾದದ್ದೆಲ್ಲ ಮರಳಿತು ಎಂದು ತಿಳಿಯಬಾರದು. ಪ್ಯಾಡ್‌ಗಳಲ್ಲಿ ಏನೂ ಹಾಳಾಗಲಿಲ್ಲ ಎಂಬಷ್ಟೇ ಅದರ ಅರ್ಥ. ಮೋಟರ್‌, ಬ್ಯಾಟರಿಗಳ ನಡುವೆ ಹೋಗಿಬರುವ ಸೋರಿಕೆ ಆ ಅಂಕದಲ್ಲಿ ಸೇರಿಲ್ಲ. ನೂರಕ್ಕೆ ನೂರು ಅಂಕದೊಂದಿಗೆ ಹತ್ತು ಬಾರಿ ನಿಂತವನಿಗಿಂತ ಐದು ಬಾರಿ ನಿಂತು, ಉಳಿದ ಐದು ಬಾರಿ ತೇಲಿ ದಾಟಿದವನ ಟ್ಯಾಂಕ್‌ನಲ್ಲಿ ಹೆಚ್ಚು ಪೆಟ್ರೋಲ್‌ ಉಳಿದಿರುತ್ತದೆ. ರೀಜನರೇಟಿವ್‌ ಬ್ರೇಕ್‌ ಎಷ್ಟೇ ಒಳ್ಳೆಯದಾದರೂ ಬ್ರೇಕ್‌ ಹಾಕದಿರುವುದಕ್ಕೆ ಸಾಟಿಯಲ್ಲ. ಹೈಬ್ರಿಡ್‌ ಚಾಲನೆಯ ಕುರಿತ ಸಲಹೆಗಳಲ್ಲಿ ಈ ಮಾತಿಗೆ ಸಲ್ಲಬೇಕಾದ ಜಾಗ ಸಿಗುತ್ತಿಲ್ಲ ಎಂದು ನನಗೆ ಅನಿಸುತ್ತದೆ.

ಹಾಗೆ ತೇಲಬೇಕಾದರೆ ಮುಂದಿನ ಗಾಡಿಯೊಂದಿಗೆ ಅಂತರ ಇರಬೇಕು. ಮುಂದಿನವನ ಬಂಪರ್‌ಗೆ ಅಂಟಿಕೊಂಡು ಬರುವವನು ಅವನ ಪ್ರತಿಯೊಂದು ಬ್ರೇಕ್‌ಗೂ ತಾನೂ ಬ್ರೇಕ್‌ ಹಾಕಲೇಬೇಕು. ಮೂರ್ನಾಲ್ಕು ಸೆಕೆಂಡ್‌ಗಳ ಅಂತರವಿಟ್ಟವನು ಪಾದ ಸಡಿಲಿಸಿದರೆ ಸಾಕು. ಮುಂದಿನ ಗಾಡಿಗೆ ತಕ್ಕಂತೆ ವೇಗ ಹೊಂದಿಸುವ ಕ್ರೂಸ್‌ ಕಂಟ್ರೋಲ್‌ ಬಳಸುವವರು ಅದರಲ್ಲಿ ಅತಿ ದೀರ್ಘ ಅಂತರವನ್ನೇ ಆರಿಸಿಕೊಳ್ಳುವುದು ಲೇಸು. ಸಿಗ್ನಲ್‌ನಲ್ಲಿ ನಿಂತಾಗ ಗೇರನ್ನು ನ್ಯೂಟ್ರಲ್‌ಗೆ ಹಾಕುವ ಹಳೆಯ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ನ್ಯೂಟ್ರಲ್‌ನಲ್ಲಿ ಈ ಬಗೆಯ ಹೈಬ್ರಿಡ್‌ ಬ್ಯಾಟರಿಯನ್ನು ತುಂಬಿಕೊಳ್ಳಲಾರದು, ಇಳಿಜಾರಿನಲ್ಲಿ ಶಕ್ತಿಯನ್ನು ಮರಳಿ ಪಡೆಯಲೂ ಆರದು.

ಹೆದ್ದಾರಿಯಲ್ಲಿ ಗಾಳಿಯದೇ ಮೇಲುಗೈ

ಹೆದ್ದಾರಿಗೆ ಇಳಿದ ಮೇಲೆ ಮೇಲಿನ ಸೂಕ್ಷ್ಮಗಳೆಲ್ಲ ಹಿಂದೆ ಸರಿದು ವೇಗವೊಂದೇ ಮುಖ್ಯವಾಗುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 105 ಕಿಲೋಮೀಟರ್‌ನಿಂದ 120ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ 14, ಗಾಳಿಯ ಪ್ರತಿರೋಧ ಹೆಚ್ಚಿದ್ದು ಶೇ 30. ಟೆಕ್ಸಸ್‌ ರಾಜ್ಯದ 130ನೇ ಹೆದ್ದಾರಿಯ ಒಂದು ಭಾಗದಲ್ಲಿ ಗಂಟೆಗೆ 85 ಮೈಲಿ, ಅಂದರೆ 137 ಕಿಲೋಮೀಟರ್‌ ವೇಗಕ್ಕೆ ಅನುಮತಿಯಿದೆ. ಆ ವೇಗದಲ್ಲಿ ಪ್ರತಿರೋಧವು 60 ಮೈಲಿ ವೇಗದಲ್ಲಿರುವುದರ ಎರಡರಷ್ಟು. ಎತ್ತರದ ಮೂತಿ, ಕಡಿದಾದ ಹಿಂಬದಿಯ ಗಾಜು, ತೆರೆದ ತೊಟ್ಟಿ ಇರುವ ಪಿಕಪ್‌ನ ಆಕಾರ ಸೆಡಾನ್‌ ಕಾರಿನಂತೆ ಗಾಳಿಯನ್ನು ಸೀಳುವಂಥದ್ದಲ್ಲವಾದ್ದರಿಂದ ಈ ದಂಡ ಇಲ್ಲಿ ಇನ್ನೂ ಭಾರಿ. ಸಾಮಾನ್ಯವಾಗಿ ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್‌ ದಾಟಿದ ಮೇಲೆ ಮೈಲೇಜ್‌ ವೇಗವಾಗಿ ಕುಸಿಯತೊಡಗುತ್ತದೆ ಎಂದು ಅಮೆರಿಕ ಸರ್ಕಾರದ ಇಂಧನ ಮಾಹಿತಿಯೇ ಹೇಳುತ್ತದೆ. ಹೆದ್ದಾರಿ ಮೈಲೇಜ್‌ನ ಮೂಲ ಪರೀಕ್ಷೆಯ ಸರಾಸರಿ ವೇಗ ಸುಮಾರು 78 ಕಿಲೋಮೀಟರ್‌ ಮಾತ್ರ; ಲೇಬಲ್‌ ಅಂಕಿಯನ್ನು ಬೇರೆ ಪರೀಕ್ಷೆಗಳ ಆಧಾರದಲ್ಲಿ ತಗ್ಗಿಸಿ ಕೊಡುತ್ತಾರಾದರೂ, 120ರಲ್ಲಿ ಓಡಿಸುವವನಿಗೆ ಆ ಅಂಕಿಯೂ ಸಿಗುವ ಸಂಭವ ಕಡಿಮೆ.

ವೇಗ ತಗ್ಗಿಸಿದರೆ ಹೋಗುವ ಸಮಯ ಎಷ್ಟು? 160 ಕಿಲೋಮೀಟರ್‌ ದಾರಿಗೆ 120ರಲ್ಲಿ 80 ನಿಮಿಷ, 105ರಲ್ಲಿ 91 ನಿಮಿಷ. ಹನ್ನೊಂದು ನಿಮಿಷ ಬಿಟ್ಟುಕೊಟ್ಟರೆ ಸಿಗುವ ಉಳಿತಾಯ, ನಗರದಲ್ಲಿ ಆಕ್ಸಿಲರೇಟರ್‌ ಮೇಲೆ ಮಾಡುವ ಯಾವ ಸಾಧನೆಗೂ ಕಡಿಮೆಯಲ್ಲ. ಆದರೂ ವೇಗದ ಸಾಲಿನಲ್ಲಿ ನಿಧಾನವಾಗಿ ಹೋಗುವುದು ಅಪಾಯಕಾರಿ. ಅಮೆರಿಕದಲ್ಲಿ ನಿಧಾನದ ಗಾಡಿಗಳ ಸಾಲಾದ ಬಲಗಡೆಯ ಸಾಲಿನಲ್ಲಿ, ಸುತ್ತಲಿನ ಗಾಡಿಗಳ ಓಟಕ್ಕೆ ತೀರಾ ವ್ಯತಿರಿಕ್ತವಾಗದಂತೆ ಸಾಗಬೇಕು. ದೊಡ್ಡ ಲಾರಿಯ ಬೆನ್ನಿಗೆ ಅಂಟಿಕೊಂಡು ಅದು ಸೀಳಿದ ಗಾಳಿಯ ಮರೆಯಲ್ಲಿ ಓಡಿಸುವ ಚಾಳಿ ಕೆಲವು ಅತ್ಯುತ್ಸಾಹಿಗಳಲ್ಲಿದೆ. ಅದರಿಂದ ಪೆಟ್ರೋಲ್‌ ಉಳಿಯುವುದು ನಿಜ. ಲಾರಿ ಹಠಾತ್ತನೆ ನಿಂತರೆ ಪ್ರಾಣ ಉಳಿಯುವುದಿಲ್ಲ ಎಂಬುದು ಅಷ್ಟೇ ನಿಜವಾದ್ದರಿಂದ ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ತೊಟ್ಟಿಯ ಹಿಂಬಾಗಿಲನ್ನು ಇಳಿಸಿಕೊಂಡು ಓಡಿಸಿದರೆ ಗಾಳಿ ಸಲೀಸಾಗಿ ಹೋಗುತ್ತದೆ ಎಂಬ ನಂಬಿಕೆ ಪಿಕಪ್‌ ಮಾಲೀಕರಲ್ಲಿ ಹಳೆಯದು. ವಾಸ್ತವವಾಗಿ ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಒಂದು ಸುಳಿ ನೆಲೆಗೊಳ್ಳುತ್ತದೆ ಮತ್ತು ಮಾಡಿನ ಮೇಲಿಂದ ಬರುವ ಗಾಳಿ ಆ ಸುಳಿಯ ಮೇಲೆ ಜಾರಿ ಹಿಂದಕ್ಕೆ ಹೋಗುತ್ತದೆ. ಬಾಗಿಲು ಇಳಿಸಿದರೆ ಆ ಸುಳಿ ಒಡೆಯುತ್ತದೆ. ಆದ್ದರಿಂದ ಮುಚ್ಚಿಡುವುದೇ ಒಳ್ಳೆಯದು. ತೊಟ್ಟಿಗೆ ಚಪ್ಪಟೆ ಹೊದಿಕೆ ಹಾಕಿದರೆ ಅಲ್ಪಸ್ವಲ್ಪ ಲಾಭವಿರಬಹುದು. ಪೆಟ್ರೋಲ್‌ ಉಳಿತಾಯವೊಂದರಿಂದಲೇ ಅದರ ಬೆಲೆ ಹುಟ್ಟುತ್ತದೆಂದು ನಿರೀಕ್ಷಿಸುವುದು ಸರಿಯಲ್ಲ. ಮಾಡಿನ ಮೇಲೆ ಪೆಟ್ಟಿಗೆ ಕಟ್ಟುವುದಂತೂ ನೇರ ನಷ್ಟ: ಹೆದ್ದಾರಿಯಲ್ಲಿ ಶೇ 6ರಿಂದ 17ರವರೆಗೆ ಮೈಲೇಜ್‌ ಇಳಿಯಬಹುದೆಂದು ಅದೇ ಸರ್ಕಾರಿ ಮಾಹಿತಿ ತಿಳಿಸುತ್ತದೆ. ತೊಟ್ಟಿಯೇ ಇರುವ ಗಾಡಿಯಲ್ಲಿ ಸಾಮಾನನ್ನು ಮಾಡಿಗೆ ಏರಿಸಬೇಕಾದ ಅಗತ್ಯವೂ ಕಡಿಮೆ.

ಕ್ರೂಸ್‌ ಕಂಟ್ರೋಲ್‌ ಸಮತಟ್ಟಾದ ಹೆದ್ದಾರಿಯಲ್ಲಿ ಒಳ್ಳೆಯ ಜೊತೆಗಾರ. ಮೇವರಿಕ್‌ನ ಮೊದಲ ವರ್ಷಗಳ ಅತಿ ಅಗ್ಗದ ಮಾದರಿಯಲ್ಲಿ ಈ ಸೌಲಭ್ಯವೇ ಇರಲಿಲ್ಲ. ಏರಿಳಿತದ ದಾರಿಯಲ್ಲಿ ಮಾತ್ರ ಅದು ದಿಬ್ಬದ ಮೇಲೂ ಅದೇ ವೇಗ ಹಿಡಿಯಲು ಎಂಜಿನನ್ನು ಅರಚಿಸುತ್ತದೆ, ಇಳಿಜಾರಿನಲ್ಲಿ ವೇಗ ಏರಲು ಬಿಡದೆ ತಡೆಯುತ್ತದೆ. ಅಂಥ ಕಡೆ ಅದನ್ನು ತೆಗೆದು, ಏರಿನಲ್ಲಿ ಎಂಟ್ಹತ್ತು ಕಿಲೋಮೀಟರ್‌ ವೇಗ ಕಳೆದುಕೊಳ್ಳಲು ಒಪ್ಪಿ, ಇಳಿಜಾರಿನಲ್ಲಿ ಅದನ್ನು ಪುನಃ ಪಡೆಯುವುದು ಮೇಲು.

ಘಾಟಿ ಇಳಿಯುವಾಗ

ದೀರ್ಘ ಇಳಿಜಾರಿನಲ್ಲಿ ಹೈಬ್ರಿಡ್‌ನ ಮಿತಿ ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯದಲ್ಲಿ ಲಾಸ್‌ ಏಂಜಲೀಸ್‌ ಕಡೆಯಿಂದ ಉತ್ತರಕ್ಕೆ ಹೋಗುವ 5ನೇ ಅಂತರರಾಜ್ಯ ಹೆದ್ದಾರಿ ತೇಹೋನ್‌ ಕಣಿವೆಮಾರ್ಗದ ನೆತ್ತಿಯಿಂದ ಗ್ರೇಪ್‌ವೈನ್‌ ಎಂಬಲ್ಲಿಗೆ 700 ಮೀಟರ್‌ಗೂ ಹೆಚ್ಚು ಇಳಿಯುತ್ತದೆ. 1,750 ಕಿಲೊ ತೂಕದ ಗಾಡಿ 700 ಮೀಟರ್‌ ಇಳಿದಾಗ ಬಿಡುಗಡೆಯಾಗುವ ಶಕ್ತಿ ಮೂರು ಯೂನಿಟ್‌ಗಿಂತ ಹೆಚ್ಚು. ಗಾಳಿ ಮತ್ತು ಟೈರ್‌ಗಳು ಅದರಲ್ಲಿ ದೊಡ್ಡ ಪಾಲನ್ನು ತಿಂದರೂ 1.1 ಯೂನಿಟ್‌ನ ಬ್ಯಾಟರಿ ಅರ್ಧ ದಾರಿಯಲ್ಲೇ ತುಂಬಿ ತುಳುಕುವ ಸಾಧ್ಯತೆಯಿದೆ. ಆಮೇಲೆ ಮೋಟರ್‌ಗೆ ವಿದ್ಯುತ್ತನ್ನು ಕಳಿಸಲು ಜಾಗವೇ ಇಲ್ಲದ್ದರಿಂದ ಗಾಡಿಯು ಪೆಟ್ರೋಲ್‌ ಹಾಯಿಸದೆ ಎಂಜಿನನ್ನು ಸುಮ್ಮನೆ ತಿರುಗಿಸಿ ವೇಗ ತಡೆಯುತ್ತದೆ. ಮೊದಲ ಸಲ ಈ ಸದ್ದು ಕೇಳಿದವರು ಗಾಡಿ ಕೆಟ್ಟಿತೆಂದು ಗಾಬರಿಯಾಗುವುದುಂಟು. ಅದು ಯಂತ್ರದ ಸಹಜ ವರ್ತನೆ, ಬ್ರೇಕ್‌ಗಳನ್ನು ಕಾಪಾಡುವ ಉಪಾಯ.

ಚಾಲಕ ಇಲ್ಲಿ ಮಾಡಬಹುದಾದದ್ದು, ದಾರಿ ತನಗೆ ಗೊತ್ತಿದ್ದರೆ ನೆತ್ತಿ ಮುಟ್ಟುವಷ್ಟರಲ್ಲಿ ಬ್ಯಾಟರಿ ಖಾಲಿಯತ್ತ ಸಾಗಿರುವಂತೆ ನೋಡಿಕೊಳ್ಳುವುದು. ಕೊನೆಯ ಏರಿನಲ್ಲಿ ವೇಗ ತುಸು ತಗ್ಗಿಸಿ ಎಂಜಿನ್‌ನ ಜೊತೆ ಮೋಟರ್‌ ಕೂಡ ದುಡಿಯುವಂತೆ ಬಿಟ್ಟರೆ ಇಳಿಜಾರಿನ ಶಕ್ತಿಗೆ ಜಾಗ ಸಿಗುತ್ತದೆ. ಮೇವರಿಕ್‌ನ ಗೇರ್‌ ತಿರುಗಣೆಯಲ್ಲಿರುವ ‘ಎಲ್‌’ ಗುಂಡಿ ಒತ್ತಿದರೆ ಪಾದ ಎತ್ತಿದ ಕೂಡಲೇ ಗಾಡಿ ಹೆಚ್ಚು ಬಲವಾಗಿ ವೇಗ ತಗ್ಗಿಸುತ್ತದೆ. ಅದು ಘಾಟಿಗೆ ಹೇಳಿ ಮಾಡಿಸಿದ್ದು. ಸಮತಟ್ಟಾದ ರಸ್ತೆಯಲ್ಲಿ ಅದನ್ನು ಸದಾ ಹಾಕಿಟ್ಟುಕೊಂಡರೆ ಗಾಡಿ ತೇಲುವುದೇ ಇಲ್ಲವಾದ್ದರಿಂದ ನಷ್ಟವೇ ಹೆಚ್ಚು.

ಈ ಮಾತು ಕರ್ನಾಟಕದ ಓದುಗರಿಗೂ ನೇರವಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಹೈಬ್ರಿಡ್‌ ಪಿಕಪ್‌ ಬಳಕೆಗೆ ಬಂದಿಲ್ಲವಾದರೂ 2022ರಿಂದೀಚೆಗೆ ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ ಕಾರ್ಖಾನೆಯಿಂದ ಹೊರಬರುತ್ತಿರುವ ಅರ್ಬನ್‌ ಕ್ರೂಸರ್‌ ಹೈರೈಡರ್‌, ಇನೋವಾ ಹೈಕ್ರಾಸ್‌ ಹೈಬ್ರಿಡ್‌ಗಳು ಇದೇ ತತ್ವದ ಮೇಲೆ, ಎಂಜಿನ್‌ ಮತ್ತು ಮೋಟರ್‌ಗಳನ್ನು, ಎರಡರ ಬಲವನ್ನೂ ಬೆರೆಸುವ ಪ್ಲಾನೆಟರಿ ಗೇರ್‌ ಮೂಲಕ ಜೋಡಿಸಿಯೇ ಕೆಲಸ ಮಾಡುತ್ತವೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಗುಂಡ್ಯ ಬರುವ ಎಷ್ಟೋ ಮೊದಲೇ ಅವುಗಳ ಬ್ಯಾಟರಿ ತುಂಬಿ ಎಂಜಿನ್‌ ಮೊರೆಯತೊಡಗುವುದಕ್ಕೆ ಕಾರಣ ಗ್ರೇಪ್‌ವೈನ್‌ನಲ್ಲಿ ಹೇಳಿದ್ದೇ.

ಚಳಿ, ಹೊರೆ, ಟೈರು

ಮಿಶಿಗನ್‌, ಮಿನ್ನೆಸೋಟಗಳಂಥ ರಾಜ್ಯಗಳಲ್ಲಿ ಡಿಸೆಂಬರ್‌ ಬಂತೆಂದರೆ ಹೈಬ್ರಿಡ್‌ ಮಾಲೀಕರ ದೂರು ಶುರುವಾಗುತ್ತದೆ. ಸೊನ್ನೆಗಿಂತ ಏಳು ಡಿಗ್ರಿ ಸೆಲ್ಸಿಯಸ್‌ ಕೆಳಗಿನ ಚಳಿಯಲ್ಲಿ ಚಿಕ್ಕಚಿಕ್ಕ ಓಡಾಟ ಮಾಡಿದರೆ, 25 ಡಿಗ್ರಿಯಲ್ಲಿ ಸಿಗುವುದಕ್ಕಿಂತ ಹೈಬ್ರಿಡ್‌ನ ಮೈಲೇಜ್‌ ಶೇ 30ರಿಂದ 34ರಷ್ಟು ಇಳಿಯಬಹುದೆಂದು ಸರ್ಕಾರಿ ಅಂಕಿಗಳು ಹೇಳುತ್ತವೆ. ಸಾಧಾರಣ ಪೆಟ್ರೋಲ್‌ ಗಾಡಿಯ ಇಳಿಕೆ ಇದಕ್ಕಿಂತ ಕಡಿಮೆ. ಕಾರಣ ಹೈಬ್ರಿಡ್‌ನ ಗುಣದಲ್ಲೇ ಇದೆ. ಅದರ ಲಾಭ ಬರುವುದು ಎಂಜಿನ್‌ ಆರಿಸುವುದರಿಂದ. ಆದರೆ ಒಳಗೆ ಕುಳಿತವರಿಗೆ ಬೇಕಾದ ಬಿಸಿ ಬರುವುದು ಎಂಜಿನ್‌ನ ಬಿಸಿನೀರಿನಿಂದ. ಹೀಟರನ್ನು ಜೋರಾಗಿ ಹಾಕಿದಷ್ಟೂ ಎಂಜಿನ್‌ ಆರಲು ಅವಕಾಶವಿಲ್ಲ. ಜೊತೆಗೆ ತಣ್ಣಗಿರುವ ಬ್ಯಾಟರಿ ವಿದ್ಯುತ್ತನ್ನು ಕೊಡುವುದಕ್ಕೂ ಕೊಳ್ಳುವುದಕ್ಕೂ ಹಿಂದೇಟು ಹಾಕುತ್ತದೆ. ಬಿಸಿಯಾಗುವ ಸೀಟುಗಳಿದ್ದರೆ ಅವನ್ನು ಬಳಸಿ ಹೀಟರನ್ನು ತಗ್ಗಿಸುವುದು, ಗಾಡಿಯನ್ನು ಗ್ಯಾರೇಜ್‌ನೊಳಗೆ ನಿಲ್ಲಿಸುವುದು, ಮೂರು ಬಾರಿ ಹೋಗುವ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಫಲ ಕೊಡುತ್ತದೆ. ಕೊನೆಯದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ತಣ್ಣನೆಯ ಎಂಜಿನ್‌ ಮೊದಲ ಕೆಲವು ನಿಮಿಷ ಗಾಡಿ ನಿಂತಿದ್ದರೂ ತನ್ನನ್ನೂ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್‌ ಕನ್ವರ್ಟರನ್ನೂ ಬಿಸಿ ಮಾಡಿಕೊಳ್ಳಲು ಉರಿಯುತ್ತಲೇ ಇರುತ್ತದೆ.

ಟೈರ್‌ಗಳ ವಿಚಾರದಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಹೇಳಿದಷ್ಟು ಗಾಳಿ ಇರುವಂತೆ ನೋಡಿಕೊಳ್ಳುವುದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಆದರೆ ಪಿಕಪ್‌ ಕೊಂಡವರಲ್ಲಿ ಅನೇಕರು ನೋಟಕ್ಕಾಗಿ ದಪ್ಪ ಹಲ್ಲುಗಳ, ಒರಟು ರಸ್ತೆಯ ಟೈರ್‌ಗಳನ್ನು ಹಾಕಿಸಿ ಗಾಡಿಯನ್ನು ಎತ್ತರಿಸುತ್ತಾರೆ. ಉರುಳುವ ಪ್ರತಿರೋಧ, ಗಾಳಿಯ ಪ್ರತಿರೋಧ ಎರಡೂ ಒಮ್ಮೆಗೇ ಏರುತ್ತವೆ. ಚಾಲನೆಯಲ್ಲಿ ಎಷ್ಟೇ ನಾಜೂಕು ತೋರಿಸಿದರೂ ಆ ನಷ್ಟ ತುಂಬುವುದು ಕಷ್ಟ. ಇನ್ನು ತೊಟ್ಟಿಯಲ್ಲಿ ವಾರಗಟ್ಟಲೆ ಉಳಿದುಹೋಗುವ ಮರಳಿನ ಚೀಲ, ಸಲಕರಣೆಗಳ ಪೆಟ್ಟಿಗೆ ಇತ್ಯಾದಿ: ಪ್ರತಿ 45 ಕಿಲೊ ಹೆಚ್ಚುವರಿ ತೂಕಕ್ಕೆ ಮೈಲೇಜ್‌ ಸುಮಾರು ಶೇ 1ರಷ್ಟು ಇಳಿಯುತ್ತದೆ.

ಟ್ರೇಲರ್‌ ಎಳೆಯುವುದು ಬೇರೆಯದೇ ಲೆಕ್ಕ. ಮೊದಲ ವರ್ಷಗಳ ಮೇವರಿಕ್‌ ಹೈಬ್ರಿಡ್‌ಗೆ 907 ಕಿಲೊವರೆಗೆ ಎಳೆಯುವ ಅನುಮತಿಯಿದ್ದರೆ, 2025ರ ಮಾದರಿಯಾಗಿ ಬಂದ ನಾಲ್ಕೂ ಚಕ್ರ ಚಾಲನೆಯ ಹೈಬ್ರಿಡ್‌, ಸೂಕ್ತ ಜೋಡಣೆಯೊಂದಿಗೆ, ಅದರ ದುಪ್ಪಟ್ಟನ್ನು ಎಳೆಯಬಲ್ಲದು. ಟ್ರೇಲರ್‌ನ ತೂಕಕ್ಕಿಂತ ಅದರ ಎತ್ತರ, ಅಗಲಗಳೇ ಹೆದ್ದಾರಿಯಲ್ಲಿ ಹೆಚ್ಚು ಕಾಡುತ್ತವೆ. ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್‌ ಎಳೆಯುವ ಗಾಡಿಗಳ ವೇಗಮಿತಿ 55 ಮೈಲಿ; ಸುರಕ್ಷತೆಗೆಂದು ಮಾಡಿದ ಆ ನಿಯಮ ಪಾಲಿಸುವವರ ಪೆಟ್ರೋಲನ್ನೂ ಉಳಿಸುತ್ತದೆ.

ದೊಡ್ಡ ಟ್ರಕ್‌ಗಳ ವಿಷಯ

ಎಲ್ಲ ಹೈಬ್ರಿಡ್‌ ಪಿಕಪ್‌ಗಳೂ ಮೇವರಿಕ್‌ನಂತಲ್ಲ. 2021ರಲ್ಲಿ ಬಂದ ಫೋರ್ಡ್‌ ಎಫ್‌-150 ಪವರ್‌ಬೂಸ್ಟ್‌ನಲ್ಲಿ 3.5 ಲೀಟರ್‌ನ ವಿ6 ಎಂಜಿನ್‌ ಮತ್ತು ಹತ್ತು ಗೇರ್‌ಗಳ ಪೆಟ್ಟಿಗೆಯ ನಡುವೆ 35 ಕಿಲೋವ್ಯಾಟ್‌ನ ಮೋಟರ್‌ ಇದೆ. 2022ರ ಮಾದರಿಯ ಟೊಯೋಟಾ ಟಂಡ್ರಾ ಹೈಬ್ರಿಡ್‌ನಲ್ಲೂ ಮೋಟರ್‌ ಇರುವುದು ಎಂಜಿನ್‌ ಮತ್ತು ಗೇರ್‌ಪೆಟ್ಟಿಗೆಯ ನಡುವೆಯೇ; ಅದರ ಒಟ್ಟು ಶಕ್ತಿ 437 ಅಶ್ವಶಕ್ತಿ. ಎರಡು ಟನ್‌ಗೂ ಹೆಚ್ಚು ತೂಗುವ ಇಂಥ ಗಾಡಿಗಳಲ್ಲಿ ಮೋಟರ್‌ನ ಮುಖ್ಯ ಕೆಲಸ ಎಳೆಯುವ ಬಲ ಹೆಚ್ಚಿಸುವುದು. ವಿದ್ಯುತ್ತಿನಿಂದಲೇ ಓಡುವ ಅವಧಿ ಚಿಕ್ಕದಾದ್ದರಿಂದ ತೇಲಿಸುವುದು, ಬ್ರೇಕನ್ನು ಹಗುರವಾಗಿ ಹಾಕುವುದು, ಹೆದ್ದಾರಿಯ ವೇಗ ತಗ್ಗಿಸುವುದು ಇವಿಷ್ಟೇ ಇಲ್ಲಿ ಫಲ ಕೊಡುವ ಅಭ್ಯಾಸಗಳು.

ಆದರೆ ಅಲ್ಲಿ ಆ ಫಲ ದೊಡ್ಡದು. ವರ್ಷಕ್ಕೆ 20,000 ಕಿಲೋಮೀಟರ್‌ ಓಡಿಸುವ ಮೇವರಿಕ್‌ ಹೈಬ್ರಿಡ್‌ಗೆ ಲೇಬಲ್‌ ಲೆಕ್ಕದಲ್ಲಿ ಸುಮಾರು 1,275 ಲೀಟರ್‌ ಪೆಟ್ರೋಲ್‌ ಬೇಕು. ಚಾಲನೆ ಸುಧಾರಿಸಿ ಮೈಲೇಜನ್ನು ಶೇ 10 ಹೆಚ್ಚಿಸಿದರೆ ಉಳಿಯುವುದು 116 ಲೀಟರ್‌. ಲೀಟರ್‌ಗೆ 9.4 ಕಿಲೋಮೀಟರ್‌ ಆಸುಪಾಸಿನ ಟಂಡ್ರಾ ಹೈಬ್ರಿಡ್‌ನಲ್ಲಿ ಅದೇ ಶೇ 10ರ ಸುಧಾರಣೆಯಿಂದ 190 ಲೀಟರ್‌ಗೂ ಹೆಚ್ಚು ಉಳಿಯುತ್ತದೆ. ಮೈಲೇಜ್‌ನ ಬಗ್ಗೆ ಅತಿ ಹೆಚ್ಚು ಚರ್ಚಿಸುವವರು ಚಿಕ್ಕ ಗಾಡಿಯ ಮಾಲೀಕರು. ಚಾಲನೆ ಬದಲಿಸಿದರೆ ಅತಿ ಹೆಚ್ಚು ಉಳಿಸಬಲ್ಲವರು ದೊಡ್ಡ ಗಾಡಿಯ ಮಾಲೀಕರು. ಟರ್ಬೊ ಮೇವರಿಕ್‌ ಬದಲು ಹೈಬ್ರಿಡನ್ನು ಆರಿಸಿದರೆ ಅದೇ ದೂರಕ್ಕೆ 540 ಲೀಟರ್‌ ಉಳಿಯುತ್ತದೆ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಯಾವ ಚಾಲನಾ ಕೌಶಲವೂ ಗಾಡಿಯ ಆಯ್ಕೆಯಷ್ಟು ಉಳಿಸುವುದಿಲ್ಲ.

ಇಷ್ಟೆಲ್ಲ ಮಾಡಿ ಫಲ ಸಿಕ್ಕಿತೇ ಎಂದು ತಿಳಿಯಲು ಡ್ಯಾಶ್‌ಬೋರ್ಡ್‌ ತೋರಿಸುವ ಅಂಕಿಯನ್ನಷ್ಟೇ ನಂಬಿದರೆ ಸಾಲದು. ಅದು ವಾಸ್ತವಕ್ಕಿಂತ ತುಸು ಹೆಚ್ಚು ತೋರಿಸುವುದು ಸಾಮಾನ್ಯ. ಟ್ಯಾಂಕ್‌ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಹಾಕಿದ ಪೆಟ್ರೋಲ್‌ನಿಂದ ಓಡಿದ ದೂರವನ್ನು ಭಾಗಿಸುವುದೇ ಸರಿಯಾದ ಕ್ರಮ. ಒಂದು ಟ್ಯಾಂಕ್‌ನ ಲೆಕ್ಕದಲ್ಲಿ ಬಂಕಿನ ನಳಿಕೆ ಎಲ್ಲಿ ನಿಂತಿತು ಎಂಬುದರಿಂದಲೇ ವ್ಯತ್ಯಾಸ ಬರುವುದರಿಂದ ನಾಲ್ಕೈದು ಟ್ಯಾಂಕ್‌ಗಳ ಸರಾಸರಿ ತೆಗೆಯಬೇಕು. ಮೂಲಕ್ಕಿಂತ ದೊಡ್ಡ ಟೈರ್‌ ಹಾಕಿಸಿದ್ದರೆ ಮೀಟರ್‌ ನಿಜವಾದ ದೂರಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನೂ ಸರಿಪಡಿಸಿಕೊಳ್ಳಬೇಕು. ಚಳಿಗಾಲದ ಅಂಕಿಯನ್ನು ಬೇಸಿಗೆಯ ಅಂಕಿಯೊಂದಿಗೆ ಹೋಲಿಸದೆ ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಿದರೆ, ಬದಲಾದದ್ದು ಹವೆಯೋ ಚಾಲನೆಯೋ ಎಂಬುದು ತಿಳಿಯುತ್ತದೆ.